ಚೆನ್ನಾಗಿ ಕರಗಿಸಿದರೂ ಪ್ಲಾಸ್ಟಿಕ್ ವೆಲ್ಡ್ ಬಿಟ್ಟುಕೊಳ್ಳುವುದೇಕೆ?

ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥಿಲೀನ್) ಪೈಪುಗಳಿಗೆ ಬಟ್ ವೆಲ್ಡಿಂಗ್ (ತುದಿಗಳನ್ನು ಬಿಸಿ ಪ್ಲೇಟಿಗೆ ಹಿಡಿದು ಕರಗಿಸಿ ಒಂದಕ್ಕೊಂದು ಒತ್ತಿ ಬೆಸೆಯುವುದು) ಮಾಡುವವರು ಪದೇಪದೇ ಕೇಳುವ ಪ್ರಶ್ನೆ ಇದು: “ಬೀಡ್ (ಒತ್ತಿದಾಗ ಅಂಚಿನಲ್ಲಿ ಉಬ್ಬುವ ಪ್ಲಾಸ್ಟಿಕ್ ಏಣು) ಸುತ್ತಲೂ ಸಮನಾಗಿ ಬಂದಿತ್ತು. ಆದರೂ ಬಗ್ಗಿಸಿ ನೋಡಿದಾಗ ಜೋಡಣೆ ಬ್ಲೇಡಿನಲ್ಲಿ ಕೊಯ್ದ ಹಾಗೆ ನುಣ್ಣಗೆ ಬಿಟ್ಟುಕೊಂಡಿತು. ಯಾಕೆ?”

ಮುರಿದ ಮುಖ ನುಣ್ಣಗಿದ್ದರೆ ನಾನು ಮೊದಲು ಅನುಮಾನಿಸುವುದು ಅವಸರಕ್ಕೆ ಕಟ್ಟಿದ ಸ್ಫಟಿಕವನ್ನು, ಅಂದರೆ ಅಣುಸರಪಳಿಗಳು ಒತ್ತೊತ್ತಾಗಿ ಮಡಚಿಕೊಂಡು ಗಟ್ಟಿಯಾದ ಭಾಗವನ್ನು. ವೆಲ್ಡ್‌ಗೆ ಬಲ ಬರಬೇಕಾದರೆ ಕರಗಿದ ಪ್ಲಾಸ್ಟಿಕ್‌ನ ಉದ್ದುದ್ದ ಅಣುಸರಪಳಿಗಳು ಎರಡೂ ಕಡೆಯಿಂದ, ಮುಖಗಳು ಕೂಡುವ ಗಡಿ ದಾಟಿ ಹೆಣೆದುಕೊಳ್ಳಬೇಕು. ಎಚ್‌ಡಿಪಿಇ ಕರಗುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಣಿಯುವಾಗ 120ಕ್ಕಿಂತ ತುಸು ಕೆಳಗಿಳಿಯುತ್ತಿದ್ದಂತೆ ಸ್ಫಟಿಕವಾಗತೊಡಗುತ್ತದೆ. ಅದರೊಳಗೆ ಮಡಚಿಕೊಂಡ ಸರಪಳಿ ಆಮೇಲೆ ಎಷ್ಟೇ ಒತ್ತಿದರೂ ಆಚೆಗೆ ನುಸುಳುವುದಿಲ್ಲ.

ಹಾಗಂತ ಸ್ಫಟಿಕವನ್ನೇ ದೂರುವುದು ತಪ್ಪು. ಸರಪಳಿ ಗಡಿ ದಾಟಿದ ನಂತರ ಸ್ಫಟಿಕ ಕಟ್ಟಿದರೆ, ಅದೇ ಸರಪಳಿ ಎರಡೂ ಬದಿಯ ಸ್ಫಟಿಕಗಳಲ್ಲಿ ಸಿಕ್ಕಿಕೊಂಡು ಎಳೆತಕ್ಕೆ ಜಾರದೆ ನಿಲ್ಲುತ್ತದೆ. ಒಂದಕ್ಕೊಂದು ಬೆರೆಯದ ಪಾಲಿಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಕೂಡ, ಮೆಟಲೊಸೀನ್ ಎಂಬ ವೇಗವರ್ಧಕ ಬಳಸಿ ತಯಾರಿಸಿದ ದರ್ಜೆಯವಾದರೆ, ಗಟ್ಟಿಯಾಗಿ ಬೆಸೆಯುತ್ತವೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಳೆಯ ಝೀಗ್ಲರ್-ನಟ್ಟಾ ವೇಗವರ್ಧಕದಿಂದ ತಯಾರಿಸಿದ ದರ್ಜೆಗಳಲ್ಲಿ ಸ್ಫಟಿಕವಾಗದ ಗಿಡ್ಡ ಸರಪಳಿಗಳು ಗಡಿಯಲ್ಲಿ ಗುಡ್ಡೆಯಾಗಿ ಈ ಹಿಡಿತವನ್ನು ಕೆಡಿಸುತ್ತವೆ.

ಪೈಪಿನ ಕೆಲಸಕ್ಕೆ ಬರೋಣ. 12 ಮಿಮೀ ದಪ್ಪದ ಗೋಡೆಗೆ ಸಾಮಾನ್ಯವಾಗಿ ಪಾಲಿಸುವ ಲೆಕ್ಕ: ಹೀಟರ್ ಪ್ಲೇಟ್ 200ರಿಂದ 220 ಡಿಗ್ರಿ. ಮೊದಲ ಬೀಡ್ ಎದ್ದ ಮೇಲೆ ಒತ್ತಡವನ್ನು ಬಹುತೇಕ ಸೊನ್ನೆಗಿಳಿಸಿ 120 ಸೆಕೆಂಡು ಕಾಯಿಸಬೇಕು. ಒತ್ತಡ ಬಿಡದೇ ಹೋದರೆ ಕರಗಿದ್ದೆಲ್ಲ ಬೀಡಿಗೆ ಹರಿದು ಹೋಗುತ್ತದೆ. ಬೀಡ್ ದಪ್ಪಗೆ ಚೆಂದ ಕಾಣುತ್ತದೆ, ನಡುವೆ ಉಳಿದ ತೆಳು ಪದರ ಮಾತ್ರ ಕ್ಷಣದಲ್ಲಿ ತಣಿಯುತ್ತದೆ. ಬೀಡ್ ನೋಡಿ ವೆಲ್ಡ್ ಪಾಸ್ ಮಾಡುವವರು ಮೋಸ ಹೋಗುವುದು ಇಲ್ಲೇ.

ಪ್ಲೇಟ್ ತೆಗೆದು ಮುಖ ಸೇರಿಸಲು ಸಿಗುವುದು ಹೆಚ್ಚೆಂದರೆ 8 ಸೆಕೆಂಡು. ಪೈಪಿನೊಳಗೆ ಗಾಳಿ ಹಾಯ್ದರೆ ಅಷ್ಟರಲ್ಲೇ ಮುಖದ ಮೇಲೆ ಕೆನೆ ಕಟ್ಟುತ್ತದೆ, ಆದ್ದರಿಂದ ಆಚೆಯ ತುದಿಗಳನ್ನು ಮುಚ್ಚಿಡಿ. ತಡವಾಯಿತೋ, ಸೇರಿಸಲೇಬೇಡಿ, ತಣಿಯಲು ಬಿಟ್ಟು, ಮುಖ ಮತ್ತೆ ಹೆರೆದು ಮೊದಲಿನಿಂದ ಕಾಯಿಸಿ.

ಸೇರಿಸಿದ ಮೇಲೆ ಸುಮಾರು 16 ನಿಮಿಷ ಒತ್ತಡದಲ್ಲೇ ತಣಿಯಬೇಕು. ಸ್ಫಟಿಕದ ಸಾಂದ್ರತೆ ಸುಮಾರು 1.00, ಸ್ಫಟಿಕವಾಗದ ಭಾಗದ್ದು 0.85 ಗ್ರಾಂ ಪ್ರತಿ ಘನ ಸೆಂಟಿಮೀಟರಿಗೆ. ಅಂದರೆ ಸ್ಫಟಿಕ ಕಟ್ಟುತ್ತಾ ಹೋದಂತೆ ವಸ್ತು ಕುಗ್ಗುತ್ತದೆ. ಕ್ಲ್ಯಾಂಪ್ ಬೇಗ ಸಡಿಲಿಸಿದರೆ ನಡುವೆ ಪೊಳ್ಳು ಉಳಿಯುತ್ತದೆ. ನೀರು ಸುರಿದರೂ ಅದೇ ಗತಿ: ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ಕುಗ್ಗುವ ಒಳಭಾಗ ಗಡಿಯನ್ನೇ ಎಳೆಯುತ್ತದೆ.