ಹಳೇ ಸರ್ವರ್‌ನಲ್ಲಿ ಸರಿ, ಹೊಸದರಲ್ಲಿ ಬಿಳಿ ಪುಟ

ಬಸವನಗುಡಿಯ ಒಂದು ಕಲ್ಯಾಣ ಮಂಟಪದ ಬುಕಿಂಗ್ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ಹೊಸ ಹೋಸ್ಟಿಂಗ್‌ಗೆ ಹಾಕಿದ ಮರುದಿನವೇ ಮ್ಯಾನೇಜರ್ ಫೋನ್ ಬಂತು. "ಮೇಡಂ, ಫಾರ್ಮ್ ತುಂಬಿ ಒತ್ತಿದ್ರೆ ಬರೀ ಬಿಳಿ ಪುಟ ಬರ್ತಿದೆ. ಒಬ್ರು ಅದೇ ಮುಹೂರ್ತಕ್ಕೆ ಮೂರು ಸಲ ಬುಕ್ ಮಾಡಿದ್ದಾರೆ." ಪಾಪ, ಏನೂ ಕಾಣದಿದ್ದರೆ ಯಾರಾದರೂ ಮತ್ತೆ ಒತ್ತುತ್ತಾರೆ ಅಲ್ವಾ?

ಡೇಟಾಬೇಸ್‌ಗೆ ವಿವರ ಸೇರುತ್ತಿತ್ತು. ಆಮೇಲೆ 'ಧನ್ಯವಾದ' ಪುಟಕ್ಕೆ ಹೋಗಬೇಕಿತ್ತು, ಹೋಗುತ್ತಿರಲಿಲ್ಲ. ಸೈಟ್ ಬರೆದಿರುವ ಭಾಷೆ ಪಿಎಚ್‌ಪಿ. ಎರಡೂ ಕಡೆ ಅದರ 8.1 ಆವೃತ್ತಿ, ಕೋಡ್ ಕೂಡ ಅದೇ. ಆದರೂ ನಾನು ಅರ್ಧ ದಿನ ಕೋಡನ್ನೇ ಕೆದಕುತ್ತಾ ಕೂತೆ. ಮೊದಲು ಎರರ್ ಲಾಗ್ (ಸರ್ವರ್ ತಪ್ಪುಗಳನ್ನು ಬರೆದಿಡುವ ಫೈಲ್) ತೆರೆದು ನೋಡಬೇಕಿತ್ತು. ಹೊಸ ಸರ್ವರ್‌ನಲ್ಲಿ ಎರರ್ ಪುಟದ ಮೇಲೆ ಕಾಣದಂತೆ ಇಟ್ಟಿದ್ದರು, ಲೈವ್ ಸೈಟಿಗೆ ಹಾಗೇ ಇರಬೇಕು. ಲಾಗ್‌ನಲ್ಲಿ ಮಾತ್ರ ಸ್ಪಷ್ಟವಾಗಿತ್ತು: ಹೆಡರ್ಸ್ ಆಲ್ರೆಡಿ ಸೆಂಟ್ (ಹೆಡರ್, ಅಂದರೆ ಪುಟಕ್ಕೂ ಮುಂಚೆ ಬ್ರೌಸರ್‌ಗೆ ಹೋಗುವ ಸೂಚನೆ, ಆಗಲೇ ಹೊರಟುಹೋಗಿದೆ), ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್, ಸಾಲು 1.

ಆ ಫೈಲ್ ತೆರೆದರೆ ಮೊದಲ ಸಾಲಿನಲ್ಲಿ ಪಿಎಚ್‌ಪಿ ಶುರುವಾಗುವ ಗುರುತು ಬಿಟ್ಟು ಬೇರೇನೂ ಇಲ್ಲ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್‌ನಲ್ಲಿ ನೋಡಿದಾಗ ಆ ಗುರುತಿಗೂ ಮೊದಲು ಮೂರು ಬೈಟ್ ಕೂತಿದ್ದವು: ಇಎಫ್, ಬಿಬಿ, ಬಿಎಫ್. ಬಿಒಎಂ (ಬೈಟ್ ಆರ್ಡರ್ ಮಾರ್ಕ್), ಫೈಲಿನ ಶುರುವಿನಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು! ಕನ್ನಡದ ಸಾಲೊಂದನ್ನು ತಿದ್ದಲು ಯಾರೋ ಹಳೇ ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸುವ ವಿಧಾನ) ಎಂದು ಸೇವ್ ಮಾಡಿದ್ದರು, ನೋಟ್‌ಪ್ಯಾಡ್ ತಾನಾಗಿಯೇ ಈ ಮೂರನ್ನು ಫೈಲಿನ ಶುರುವಿಗೆ ಸೇರಿಸಿತ್ತು.

ಹಾಗಾದರೆ ಹಳೇ ಸರ್ವರ್‌ನಲ್ಲಿ ಹೇಗೆ ನಡೆಯುತ್ತಿತ್ತು? ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪಿಎಚ್‌ಪಿ ಇನ್ಫೋ ಪುಟವನ್ನು ಎರಡೂ ಕಡೆಯಿಂದ ತೆಗೆದು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ (ಕೆಲಸ ಮುಗಿದ ಮೇಲೆ ಆ ಫೈಲನ್ನು ಮರೆಯದೆ ಅಳಿಸಿ, ಸರ್ವರ್‌ನ ಒಳಗುಟ್ಟೆಲ್ಲ ಅದರಲ್ಲಿರುತ್ತೆ). ಔಟ್‌ಪುಟ್ ಬಫರಿಂಗ್ (ಹೊರಗೆ ಕಳಿಸುವುದನ್ನು ಸ್ವಲ್ಪ ಹೊತ್ತು ಒಳಗೇ ಕೂಡಿಡುವುದು) ಹಳೆಯದರಲ್ಲಿ 4096 ಬೈಟ್, ಹೊಸದರಲ್ಲಿ ಆಫ್. ಬ್ರೌಸರ್‌ಗೆ ಹೆಡರ್ ಮೊದಲು ಹೋಗಬೇಕು, ಪುಟದ ವಿಷಯ ಆಮೇಲೆ. ಒಂದೇ ಒಂದು ಬೈಟ್ ಮುಂಚೆ ಹೊರಟರೂ 'ಆ ಪುಟಕ್ಕೆ ಹೋಗು' ಅನ್ನುವ ಹೆಡರ್ ಕಳಿಸಲು ಆಗುವುದಿಲ್ಲ. ಬಫರ್ ಇದ್ದಲ್ಲಿ ಆ ಮೂರು ಬೈಟ್ ಒಳಗೇ ನಿಂತಿರುತ್ತಿದ್ದವು, ಅಷ್ಟರಲ್ಲಿ ಹೆಡರ್ ಹೊರಟು ಹೋಗುತ್ತಿತ್ತು.

ಹೊಸದರಲ್ಲೂ ಬಫರಿಂಗ್ ಆನ್ ಮಾಡಿಬಿಡೋಣ ಎಂದರು ಆಫೀಸಿನವರು. ನಾನು ಒಪ್ಪಲಿಲ್ಲ. ಸುಮ್ನೆ ಮುಚ್ಚಿಟ್ಟರೆ ಮುಂದಿನ ಸಲ ಸರ್ವರ್ ಬದಲಾದಾಗ ಇದೇ ಗೋಳು. ಬಿಒಎಂ ತೆಗೆದು ಸೇವ್ ಮಾಡಿದೆ, ಒಮ್ಮೆ ಒತ್ತಿದ ಬಟನ್ ಮತ್ತೆ ಒತ್ತಲಾಗದಂತೆ ಮಾಡಿದೆ. ಆಮೇಲೆ ಉಳಿದ ಫೈಲ್‌ಗಳನ್ನೂ ಹುಡುಕಿದೆ. ಇನ್ನೆರಡರಲ್ಲಿ ಅದೇ ಮೂರು ಬೈಟ್ ಸಿಕ್ಕವು.