ಚೋಮ ಮತ್ತು ಆ ಕಲ್ಲು

ನಿನ್ನೆ ರಾತ್ರಿ ಸಕಲೇಶಪುರದಲ್ಲಿ ಜಡಿಮಳೆ. ಅಮ್ಮನ ಜೊತೆ ಬಿ.ವಿ. ಕಾರಂತರ ‘ಚೋಮನ ದುಡಿ’ (1975) ಚಿತ್ರ ಮತ್ತೆ ನೋಡಿದೆ. ಉಳಲು ತುಂಡು ಭೂಮಿ ಸಿಕ್ಕೀತೆಂದು ಮತಾಂತರಕ್ಕೆ ಹೊರಟ ದಲಿತ ಚೋಮ, ತನ್ನ ದೈವ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅದೂ ಎಲ್ಲಿಗೆ? ಅವನಿಗೆ ಬೇಸಾಯದ ಹಕ್ಕನ್ನೇ ಕೊಡದ ಊರಿಗೆ!

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು. “ನಿನ್ನ ಅಜ್ಜಿಯೂ ಹೀಗೆಯೇ. ಜಾತ್ರೆಯ ದಿನ ಹಣ್ಣುಕಾಯಿಯನ್ನು ಗುಡಿಯ ಹೊರಗಿನ ಕಲ್ಲಿನ ಮೇಲಿಟ್ಟು ದೂರ ನಿಲ್ಲುತ್ತಿದ್ದರು. ಒಂದು ದಿನವೂ ದೇವರನ್ನು ಬೈದವರಲ್ಲ” ಎಂದಳು.

ಅಜ್ಜಿಯ ಆ ಭಕ್ತಿಗೆ ಕೈಮುಗಿಯುತ್ತೇನೆ. ಅವರನ್ನು ಹೊರಗೆ ನಿಲ್ಲಿಸಿದವರ ಮೇಲಿನ ಸಿಟ್ಟು ಮಾತ್ರ ನನಗೆ ಇಳಿಯುವುದಿಲ್ಲ, ಇಳಿಯಬಾರದು ಕೂಡ.

ಆ ಕಲ್ಲು ಈಗಲೂ ಇದೆಯೇ ಎಂದು ಕೇಳಿದೆ. ಇದೆಯಂತೆ. ಅದರ ಮೇಲೆ ಈಗ ಎಲ್ಲರೂ ಚಪ್ಪಲಿ ಬಿಡುತ್ತಾರಂತೆ.