ಸ್ಪ್ಯಾನಿಷ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ ಬೀಳುತ್ತೆ?

ಸ್ಪ್ಯಾನಿಷ್ ಕಲಿಯುವ ಕನ್ನಡದ ಗೆಳೆಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಕ್ರಿಯಾಪದದಲ್ಲಿ ಯಾವ ಭಾಗವನ್ನು ಒತ್ತಿ ಹೇಳಬೇಕು? ತಪ್ಪಿದರೆ ಏನಾಗುತ್ತೆ?

ಅರ್ಥವೇ ಬದಲಾಗುತ್ತದೆ. 'ಅ-ಬ್ಲೊ' ಅನ್ನುವಾಗ 'ಅ' ಒತ್ತಿದರೆ 'ನಾನು ಮಾತಾಡುತ್ತೇನೆ'. 'ಬ್ಲೊ' ಒತ್ತಿದರೆ 'ಅವಳು ಮಾತಾಡಿದಳು'. ಕಾಲವೂ ಬೇರೆ, ಆಳೂ ಬೇರೆ! ಕನ್ನಡದಲ್ಲಿ ಒತ್ತಿಗೆ ಈ ಕೆಲಸವಿಲ್ಲ. ನಮಗೆ ಬಳೆ ಬೇರೆ, ಬಾಳೆ ಬೇರೆ, ಸ್ವರ ಎಳೆಯುವುದೇ ಮುಖ್ಯ. ಸ್ಪ್ಯಾನಿಷ್‌ನಲ್ಲಿ ಎಳೆದರೆ ಅರ್ಥ ಬದಲಾಗುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲ ಸ್ವರಗಳನ್ನೂ ಹ್ರಸ್ವವಾಗಿಯೇ ಬರೆದಿದ್ದೇನೆ.

ನಿಯಮ ಚಿಕ್ಕದು. ಪದ ಸ್ವರ, 'ನ್' ಅಥವಾ 'ಸ್'ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ಭಾಗಕ್ಕೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ಭಾಗಕ್ಕೆ. ಇದನ್ನು ಮೀರಿದ ಕಡೆ ಬರಹದಲ್ಲಿ ಸ್ವರದ ಮೇಲೆ ಗೆರೆ ಇರುತ್ತದೆ.

ಹಿಂದಿನಿಂದ ಎಣಿಸಬೇಕಲ್ವಾ, ಹಾಗಾಗಿ ಪದ ಒಡೆಯುವುದು ಗೊತ್ತಿರಬೇಕು. 'ಬ್ಲ' ಒಡೆಯುವುದಿಲ್ಲ. ಆದರೆ 'ಕತ್ತರಿಸುತ್ತೇನೆ' ಅನ್ನುವುದು 'ಕೊರ್-ತೊ' ಎಂದು ಒಡೆಯುತ್ತದೆ. ಕನ್ನಡದಲ್ಲಿ 'ಕೊರ್ತೊ' ಎಂದು ಬರೆದರೆ 'ರ್ತೊ' ಒಂದೇ ಅಕ್ಷರದಂತೆ ಕಾಣುತ್ತದೆ. ಒಡೆಯುವಾಗ ಅದನ್ನು ನಂಬಬೇಡಿ.

'ಬದಲಿಸುತ್ತೇನೆ' ಎಂಬುದು 'ಕಮ್-ಬ್ಯೊ', ಎರಡೇ ಭಾಗ. 'ನಂಬುತ್ತೇನೆ' ಎಂಬುದು 'ಕೊನ್-ಫಿ-ಒ', ಮೂರು ಭಾಗ, ಒತ್ತು 'ಫಿ' ಮೇಲೆ. ಎರಡರ ಮೂಲರೂಪಕ್ಕೂ ಕೊನೆ ಒಂದೇ. ಇಂಥವನ್ನು ಕ್ರಿಯಾಪದದ ಜೊತೆಗೇ ಕಲಿತುಬಿಡಿ.

ನನಗೆ ಜಾಸ್ತಿ ಇಷ್ಟವಾಗುವುದು 'ಯೋಚಿಸು' ಅನ್ನುವ 'ಪೆನ್ಸರ್'. 'ನಾನು ಯೋಚಿಸುತ್ತೇನೆ' ಎಂದರೆ 'ಪ್ಯೆನ್-ಸೊ', ಆದರೆ 'ನಾವು ಯೋಚಿಸುತ್ತೇವೆ' ಎಂದರೆ 'ಪೆನ್-ಸ-ಮೊಸ್'. ಒಂದರಲ್ಲಿ 'ಪ್ಯೆ', ಇನ್ನೊಂದರಲ್ಲಿ 'ಪೆ' ಯಾಕೆ? ಒತ್ತು ಧಾತುವಿನ ಮೇಲೆ ಬಿದ್ದಾಗ ಮಾತ್ರ 'ಎ' ಒಡೆದು 'ಯೆ' ಆಗುತ್ತದೆ. 'ನಾವು' ರೂಪದಲ್ಲಿ ಒತ್ತು ಮುಂದೆ ಸರಿದು 'ಸ' ಮೇಲೆ ಬೀಳುತ್ತದೆ, ಧಾತು ಹಾಗೇ ಉಳಿಯುತ್ತದೆ. ಪಠ್ಯಪುಸ್ತಕದ ಕೋಷ್ಟಕವನ್ನು ಸುಮ್ನೆ ಬಾಯಿಪಾಠ ಮಾಡುವವರಿಗೆ ಇದನ್ನು ಮೊದಲೇ ಹೇಳಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಮ್ಯಾಡ್ರಿಡ್‌ನಲ್ಲಿ 'ನೀನು ಯೋಚಿಸುತ್ತೀಯ' ಎಂಬುದಕ್ಕೆ 'ಪ್ಯೆನ್-ಸಸ್' ಅನ್ನುತ್ತಾರೆ, ಒತ್ತು ಮೊದಲ ಭಾಗಕ್ಕೆ. ಬ್ಯೂನಸ್ ಐರಿಸ್‌ನಲ್ಲಿ ಕೊನೆಯ ಭಾಗ ಒತ್ತುತ್ತಾರೆ, ಹಾಗಾಗಿ ಅಲ್ಲಿ ಅದು 'ಪೆನ್-ಸಸ್'.